ಸಹಾಯ ಬೇಕು: ಕಾರಿನಲ್ಲಿ 4 ಪಿನ್, ಟ್ರೈಲರ್‌ನಲ್ಲಿ 7 ಪಿನ್

ನಮಸ್ಕಾರ. ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೇ ಟ್ರೈಲರ್ ಒಂದನ್ನು ಕೊಂಡೆ. ಅದರ ಪ್ಲಗ್ 7 ಪಿನ್ನಿನದು, ನಮ್ಮ ಹೈಲ್ಯಾಂಡರ್ ಕಾರಿನಲ್ಲಿ 4 ಪಿನ್ನಿನ ಚಪ್ಪಟೆ ಸಾಕೆಟ್. ಅಡಾಪ್ಟರ್ ಹಾಕಿದೆ. ಲೈಟು, ಇಂಡಿಕೇಟರ್ ಎಲ್ಲಾ ಹತ್ತಿದವು, ಖುಷಿಯೋ ಖುಷಿ. ಆಮೇಲೆ ನೋಡಿದರೆ ಟ್ರೈಲರ್‌ನ ಎಲೆಕ್ಟ್ರಿಕ್ ಬ್ರೇಕಿಗೆ ಕರೆಂಟೇ ಹೋಗುತ್ತಿಲ್ಲ! 4 ಪಿನ್ನಿನಲ್ಲಿ ಬ್ರೇಕಿನ ನೀಲಿ ವೈರೇ ಇರುವುದಿಲ್ಲ, ಅಲ್ವಾ. ಸಾಮಾನು ತುಂಬಿದರೆ ಒಟ್ಟು 4,800 ಪೌಂಡ್. ಇಲ್ಲಿ 4,500 ದಾಟಿದರೆ ಹೈವೇಗೆ ಬ್ರೇಕ್ ಬೇಕೇ ಬೇಕು.

ಕಾರಿನಲ್ಲಿ ಬ್ರೇಕ್ ಕಂಟ್ರೋಲರ್ (ಪೆಡಲ್ ಒತ್ತಿದಾಗ ಟ್ರೈಲರ್ ಬ್ರೇಕಿಗೆ ಕರೆಂಟ್ ಕಳಿಸುವ ಸಾಧನ) ಕೂರಿಸಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ಬೇರೆ ವೈರ್ ಎಳೆಯಬೇಕು. ಯಾರಾದರೂ ಸ್ವಂತ ಕೈಯಿಂದ ಮಾಡಿದ್ದೀರಾ? ಬ್ರೇಕ್ ಪೆಡಲ್ ಸ್ವಿಚ್ಚಿನ ಯಾವ ವೈರಿಗೆ ಜೋಡಿಸಿದಿರಿ? ಫೋಟೋ ಇದ್ದರೆ ದಯವಿಟ್ಟು ಹಾಕಿ. ಅಲ್ಲಿಯವರೆಗೂ ಟ್ರೈಲರ್ ಸುಮ್ನೆ ಮನೆ ಮುಂದೆ ನಿಂತಿರುತ್ತೆ.