ಜೀನಿನ ನಿಯಂತ್ರಕ ಭಾಗದ ವ್ಯತ್ಯಾಸ ಮತ್ತು ಚರ್ಮದ ಕ್ಯಾನ್ಸರ್: ಇಂಥ ವರದಿ ಬಂದವರು ಏನು ಮಾಡಿದಿರಿ?

ಪ್ರಶ್ನೆ

ನನ್ನ ತಂದೆಯವರಿಗೂ ಸೋದರತ್ತೆಗೂ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಂದಿತ್ತು. ನನಗೆ ಕಾಯಿಲೆಯಿಲ್ಲ. ಈಚೆಗೆ ಮಾಡಿಸಿದ ಆನುವಂಶಿಕ ಪರೀಕ್ಷೆಯಲ್ಲಿ ‘ಸಿಡಿಕೆಎನ್2ಎ, ಸಿಡಿಕೆ4 ಜೀನ್‌ಗಳಲ್ಲಿ ರೋಗಕಾರಕ ಬದಲಾವಣೆ ಕಂಡುಬಂದಿಲ್ಲ’ ಎಂದಿದೆ. ಮನೆಯಿಂದಲೇ ಜೊಲ್ಲಿನ ಮಾದರಿ ಕಳುಹಿಸಿ ತರಿಸಿಕೊಂಡ ಇನ್ನೊಂದು ವರದಿ ಮಾತ್ರ ‘ಐಆರ್‌ಎಫ್4 ಜೀನಿನ ನಿಯಂತ್ರಕ ಭಾಗದಲ್ಲಿ ಅಪಾಯ ಹೆಚ್ಚಿಸುವ ವ್ಯತ್ಯಾಸವಿದೆ’ ಎನ್ನುತ್ತಿದೆ. ಯಾವುದನ್ನು ನಂಬಬೇಕೆಂದು ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಆನುವಂಶಿಕ ಸಮಾಲೋಚಕರೊಬ್ಬರ ಉತ್ತರ

ಎರಡೂ ವರದಿಗಳು ಸರಿಯೇ ಇರಬಹುದು, ಏಕೆಂದರೆ ಅವು ಹುಡುಕಿರುವುದು ಬೇರೆ ಬೇರೆ ಸಂಗತಿಗಳನ್ನು. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿನ ರಚನೆಯನ್ನು ಹೇಳುವ ಭಾಗ ಶೇ 2ಕ್ಕಿಂತಲೂ ಕಡಿಮೆ. ಉಳಿದುದರಲ್ಲಿ ಕೆಲವು ತುಣುಕುಗಳು ಯಾವ ಜೀನ್ ಯಾವ ಜೀವಕೋಶದಲ್ಲಿ ಎಷ್ಟರ ಮಟ್ಟಿಗೆ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುತ್ತವೆ. ಇಂಥ ತುಣುಕುಗಳಲ್ಲಿ ಪ್ರೊಮೋಟರ್ ಎಂಬುದು ಜೀನಿನ ಆರಂಭದಲ್ಲೇ ಇರುತ್ತದೆ. ಎನ್‌ಹ್ಯಾನ್ಸರ್ ಎಂಬುದು ಸಾವಿರಾರು ಡಿಎನ್‌ಎ ಅಕ್ಷರಗಳಾಚೆ (ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳನ್ನು ಅಕ್ಷರ ಎನ್ನುತ್ತಾರೆ), ಕೆಲವೊಮ್ಮೆ ಪಕ್ಕದ ಜೀನಿನ ಒಳಗೇ ಅಡಗಿರಬಹುದು. ಇಲ್ಲಿ ಒಂದು ಅಕ್ಷರ ಬದಲಾದರೆ ಸಾಮಾನ್ಯವಾಗಿ ಪ್ರೋಟೀನಿನ ರಚನೆ ಕೆಡುವುದಿಲ್ಲ, ಅದರ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ.

ಇಂಥ ವ್ಯತ್ಯಾಸಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅತಿ ಅಪರೂಪದ, ಆದರೆ ಪ್ರಬಲವಾದ ಒಂದು ಬದಲಾವಣೆಯನ್ನು 2013ರಲ್ಲಿ ಮೆಲನೋಮ ಹಲವರಿಗೆ ಬಂದಿದ್ದ ಜರ್ಮನಿಯ ಒಂದು ಕುಟುಂಬದಲ್ಲಿ ಗುರುತಿಸಲಾಯಿತು. ಟಿಇಆರ್‌ಟಿ ಜೀನಿನ ಆರಂಭ ಸಂಕೇತಕ್ಕಿಂತ (ಪ್ರೋಟೀನಿನ ಬರಹ ಶುರುವಾಗುವ ಜಾಗ) 57 ಅಕ್ಷರ ಮೊದಲು, ಪ್ರೊಮೋಟರಿನಲ್ಲಿ, ‘ಟಿ’ ಇರಬೇಕಾದಲ್ಲಿ ‘ಜಿ’ ಬಂದಿತ್ತು. ಅದರಿಂದ ಜೀನುಗಳನ್ನು ಚಾಲೂ ಮಾಡುವ ಇಟಿಎಸ್ ಗುಂಪಿನ ಪ್ರೋಟೀನುಗಳು ಬಂದು ಕೂರುವುದಕ್ಕೆ ಹೊಸ ಜಾಗವೊಂದು ಸಿಕ್ಕಿ, ಜೀನ್ ಮಿತಿಮೀರಿ ಕೆಲಸ ಮಾಡತೊಡಗುತ್ತದೆ. ಕ್ರೋಮೋಸೋಮ್‌ಗಳ ತುದಿ ಸವೆದಂತೆ ವಿಭಜನೆ ನಿಲ್ಲಿಸಬೇಕಿದ್ದ ಜೀವಕೋಶಗಳು, ಆ ತುದಿಗಳನ್ನು ಮತ್ತೆ ಬೆಳೆಸುವ, ಈ ಜೀನ್ ತಯಾರಿಸುವ ಟೆಲೊಮರೇಸ್ ಎಂಬ ಕಿಣ್ವ ದೊರೆಯುವುದರಿಂದ, ವಿಭಜನೆಯನ್ನು ಮುಂದುವರಿಸುತ್ತವೆ.

ಅಷ್ಟು ಪ್ರಬಲವಲ್ಲದಿದ್ದರೂ ಗಣನೀಯವಾದ ಇನ್ನೊಂದು ವ್ಯತ್ಯಾಸ ಟಿಪಿ53 ಜೀನಿನ ಕೊನೆಯಲ್ಲಿದೆ. ಜೀನಿನ ಸಂದೇಶ ಇಲ್ಲಿಗೆ ಮುಗಿಯಿತು ಎಂದು ಸೂಚಿಸುವ ‘ಎಎಟಿಎಎಎ’ ಎಂಬ ಗುರುತು ‘ಎಎಟಿಎಸಿಎ’ ಆದಾಗ ಸಂದೇಶ ಸರಿಯಾಗಿ ಮುಕ್ತಾಯವಾಗುವುದಿಲ್ಲ. ಐಸ್‌ಲ್ಯಾಂಡ್ ಸಂಶೋಧಕರ ನೇತೃತ್ವದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಹೊತ್ತವರಿಗೆ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರಿನ ಅಪಾಯ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ನಿಮ್ಮ ಐಆರ್‌ಎಫ್4 ವ್ಯತ್ಯಾಸ ಈ ಎರಡರ ಸಾಲಿಗೂ ಸೇರುವುದಿಲ್ಲ. ಅದು ಲಕ್ಷಾಂತರ ಜನರಲ್ಲಿರುವಂಥದ್ದು.

ಕುಟುಂಬದಲ್ಲಿ ಇದೇ ಕಾಯಿಲೆ ಕಂಡವರೊಬ್ಬರ ಉತ್ತರ

ತಮ್ಮ ವರದಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿರುವ ‘ಪರೀಕ್ಷಾ ವಿಧಾನ’ ಎಂಬ ಭಾಗವನ್ನು ಒಮ್ಮೆ ಓದಿ ನೋಡಿ. ನಮ್ಮ ತಾಯಿಯವರ ವರದಿಯಲ್ಲಿ ‘ಎಕ್ಸಾನ್‌ಗಳು ಹಾಗೂ ಅವುಗಳ ಎರಡೂ ಬದಿಯ 10 ಅಕ್ಷರಗಳನ್ನು ಮಾತ್ರ ಓದಲಾಗಿದೆ’ ಎಂದಿತ್ತು. ಎಕ್ಸಾನ್ ಎಂದರೆ ಜೀನಿನ ಅಂತಿಮ ಸಂದೇಶದಲ್ಲಿ ಉಳಿಯುವ ತುಣುಕು. ಮೊದಲ ಪುಟದಲ್ಲಿ ‘ಏನೂ ಇಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿ ಇದನ್ನು ಕೊನೆಗೆ ತಳ್ಳುವ ಪದ್ಧತಿ ನನಗಂತೂ ಹಿಡಿಸಲಿಲ್ಲ. ಸಿಡಿಕೆಎನ್2ಎ ಜೀನಿನಲ್ಲೇ ಆರಂಭ ಸಂಕೇತಕ್ಕೆ 34 ಅಕ್ಷರ ಮೊದಲು ‘ಜಿ’ ಹೋಗಿ ‘ಟಿ’ ಬಂದರೆ ಅಲ್ಲೊಂದು ಸುಳ್ಳು ಆರಂಭ ಹುಟ್ಟಿಕೊಂಡು, ನಿಜವಾದ ಪ್ರೋಟೀನಿನ ಉತ್ಪಾದನೆ ಕುಂದುತ್ತದೆಂಬುದು 1999ರಿಂದಲೇ ಗೊತ್ತಿರುವ ವಿಷಯ. ಎಕ್ಸಾನಿನ ಪ್ರೋಟೀನ್ ಬರೆಯುವ ಭಾಗವನ್ನಷ್ಟೇ ಓದುವ ಪರೀಕ್ಷೆಗೆ ಅದು ಸಿಗದೆ ಹೋಗಬಹುದು. ಈ ಜಾಗವನ್ನೂ ಟಿಇಆರ್‌ಟಿ ಪ್ರೊಮೋಟರನ್ನೂ ಓದಿದ್ದೀರಾ ಎಂದು ನಾವು ಪ್ರಯೋಗಾಲಯಕ್ಕೆ ಲಿಖಿತವಾಗಿ ಕೇಳಿ, ಮರುಪರೀಕ್ಷೆ ಮಾಡಿಸಿದೆವು. ಆಗಲೂ ಏನೂ ಸಿಗಲಿಲ್ಲ. ಹಾಗೆಂದು ವೈದ್ಯರು ನಮ್ಮ ವಾರ್ಷಿಕ ಚರ್ಮ ತಪಾಸಣೆಯನ್ನು ನಿಲ್ಲಿಸಲಿಲ್ಲ.

ಪರೀಕ್ಷೆಯನ್ನು ಮೊದಲು ಕಾಯಿಲೆ ಬಂದವರಿಗೇ ಮಾಡಿಸಬೇಕು. ಕುಟುಂಬದಲ್ಲಿ ಯಾವ ಬದಲಾವಣೆ ಹರಿದುಬಂದಿದೆ ಎಂಬುದು ತಿಳಿಯದಿರುವಾಗ, ಆರೋಗ್ಯವಂತರಾದ ನಿಮ್ಮ ವರದಿಯಲ್ಲಿ ಏನೂ ಇಲ್ಲವೆಂದರೆ ಅದರಿಂದ ಹೆಚ್ಚೇನೂ ತೀರ್ಮಾನಿಸಲಾಗದು.

ಸಂಶೋಧನಾ ಕ್ಷೇತ್ರದವರೊಬ್ಬರ ಉತ್ತರ

ಐಆರ್‌ಎಫ್4 ಬಗ್ಗೆ ಹೇಳುವುದಾದರೆ, ವರದಿಯಲ್ಲಿರುವುದು ಬಹುಶಃ ಆರ್‌ಎಸ್12203592 ಎಂಬ ಗುರುತಿನ ತಾಣ. ಅದು ಜೀನಿನ ನಾಲ್ಕನೆಯ ಇಂಟ್ರಾನಿನ (ಎಕ್ಸಾನ್‌ಗಳ ನಡುವಿನ ತುಣುಕು) ಎನ್‌ಹ್ಯಾನ್ಸರಿನಲ್ಲಿದೆ. ಅಲ್ಲಿ ‘ಟಿ’ ಇದ್ದರೆ ಟಿಎಫ್‌ಎಪಿ2ಎ ಎಂಬ ಪ್ರೋಟೀನಿನ ಹಿಡಿತ ಸಡಿಲವಾಗಿ, ಐಆರ್‌ಎಫ್4 ಉತ್ಪಾದನೆ ತಗ್ಗಿ, ಅದರ ಮೂಲಕ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವವೂ ಕಡಿಮೆಯಾಗುತ್ತದೆ. ಅಂಥವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ನಸುಗಂದು ಚುಕ್ಕಿಗಳೂ ಹೆಚ್ಚು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಮತ್ತೊಂದು ಚರ್ಮದ ಕ್ಯಾನ್ಸರಿನೊಂದಿಗೆ ಇದರ ನಂಟು ಸ್ಪಷ್ಟವಾಗಿದೆ. ಮಚ್ಚೆಗಳ ಸಂಖ್ಯೆಯೊಂದಿಗಿನ ನಂಟು ಮಾತ್ರ ಹದಿಹರೆಯದವರಲ್ಲಿ ಒಂದು ಬಗೆ, ವಯಸ್ಕರಲ್ಲಿ ಅದಕ್ಕೆ ತಿರುಗುಮುರುಗು. ಒಂದೇ ಸಾಲಿನಲ್ಲಿ ‘ಅಪಾಯ ಹೆಚ್ಚು’ ಎಂದು ಬರೆದು ಮುಗಿಸುವ ವಿಷಯ ಇದಲ್ಲ.

2020ರಲ್ಲಿ ಸುಮಾರು 37,000 ಮೆಲನೋಮ ಪ್ರಕರಣಗಳನ್ನು ಒಟ್ಟುಗೂಡಿಸಿದ ಅಧ್ಯಯನ ಮೆಲನೋಮದ ಅಪಾಯದೊಂದಿಗೆ ನಂಟಿರುವ ಇಂಥ 54 ಡಿಎನ್‌ಎ ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಚಿಕ್ಕದು. ಈ ಮಾಹಿತಿ ಬಹುಪಾಲು ಯುರೋಪ್ ಮೂಲದವರಿಂದ ಬಂದದ್ದಾದ್ದರಿಂದ, ಬೇರೆ ಮೂಲದವರಿಗೆ ಅದೇ ಅಪಾಯದ ಅಂಕಗಳನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಂದೆಯವರು ಈಗಿಲ್ಲ, ಅತ್ತೆಯವರು ಪರೀಕ್ಷೆಗೆ ಒಪ್ಪಿದ್ದಾರೆ. ಅವರ ಹಳೆಯ ಕಡತದಲ್ಲಿ ಗೆಡ್ಡೆಯ ವರದಿಯೊಂದು ಸಿಕ್ಕಿತು. ಅದರಲ್ಲಿ ‘ಟಿಇಆರ್‌ಟಿ ಪ್ರೊಮೋಟರ್, ಮೈನಸ್ 124, ಸಿ ಬದಲು ಟಿ’ ಎಂದಿದೆ. ಹಾಗಾದರೆ ಕುಟುಂಬದ ಬದಲಾವಣೆ ಸಿಕ್ಕಿದಂತೆಯೇ ಅಲ್ಲವೇ?

ಸಮಾಲೋಚಕರು

ಅಲ್ಲ. ಆರಂಭ ಸಂಕೇತಕ್ಕಿಂತ 124 ಮತ್ತು 146 ಅಕ್ಷರ ಮೊದಲಿರುವ ಸ್ಥಾನಗಳ (‘ಮೈನಸ್’ ಎಂದರೆ ಇದೇ) ಈ ಬದಲಾವಣೆಗಳು ಬಹುಪಾಲು ಮೆಲನೋಮ ಗೆಡ್ಡೆಗಳಲ್ಲಿ ಕಾಣಸಿಗುತ್ತವೆ. ಅವು ಹುಟ್ಟಿನಿಂದ ಬಂದವಲ್ಲ, ಬಿಸಿಲಿನ ನೇರಳಾತೀತ ಕಿರಣಗಳ ಗುರುತು ಹೊತ್ತು ಆಮೇಲೆ ಚರ್ಮದ ಜೀವಕೋಶದಲ್ಲಿ ಉಂಟಾದವು. ಆದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. ಜರ್ಮನಿಯ ಕುಟುಂಬದ 57ನೆಯ ಸ್ಥಾನದ್ದು ಮೈಯ ಎಲ್ಲ ಜೀವಕೋಶಗಳಲ್ಲೂ ಇರುವಂಥದ್ದು. ಅತ್ತೆಯವರ ರಕ್ತದ ಮಾದರಿಯನ್ನೇ ಕೊಡಿಸಿ, ಟಿಇಆರ್‌ಟಿ ಪ್ರೊಮೋಟರ್ ಮತ್ತು ಸಿಡಿಕೆಎನ್2ಎ ಜೀನಿನ ಆರಂಭಕ್ಕೆ ಮೊದಲಿನ ಭಾಗ ಎರಡನ್ನೂ ಸೇರಿಸಿ ಓದಬೇಕೆಂದು ಕೋರಿಕೆ ಪತ್ರದಲ್ಲಿ ವೈದ್ಯರಿಂದ ಬರೆಸಿ. ಕುಟುಂಬದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಾರಿಗಾದರೂ ಬಂದಿದ್ದರೆ ಅದನ್ನೂ ನಮೂದಿಸುವುದು ಅಗತ್ಯ, ಏಕೆಂದರೆ ಸಿಡಿಕೆಎನ್2ಎ ಬದಲಾವಣೆಯಿರುವ ಕುಟುಂಬಗಳಲ್ಲಿ ಅದೂ ಕಾಣಿಸಿಕೊಳ್ಳುತ್ತದೆ.