ಮಗಳಿಂದ ಮುಚ್ಚಳಿಕೆ ಬರೆಸಬೇಡಿ

ಕಳೆದ ವಾರದ ಸಮಸ್ಯೆ: ಮಗಳು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿ. ಅಲ್ಲಿ ಕನ್ನಡ ಮಾತಾಡಿದರೆ 10 ರೂಪಾಯಿ ದಂಡ. ‘ಊಟದ ಬಿಡುವಿನಲ್ಲೂ ಯಾಕೆ ದಂಡ ಸರ್?’ ಎಂದು ಕೇಳಿ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟಳು. ಹನ್ನೊಂದು ಗೆಳತಿಯರ ಸಹಿಯೂ ಅದರಲ್ಲಿತ್ತು. ‘ಇನ್ನು ಹೀಗೆ ಮಾಡುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಡಿ, ಇಲ್ಲವೇ ಟಿ.ಸಿ. ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ಏನು ಮಾಡಲಿ?

*

ತಾಯಿ, ಟಿ.ಸಿ. ಮಾತಿಗೆ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಿಂದ ನಪಾಸು ಮಾಡುವ ವಿಚಾರ ಬದಲಾಯಿತು, ಇದು ಬದಲಾಗಲಿಲ್ಲ. 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಭಯ, ಆತಂಕ ಹೋಗಲಾಡಿಸಿ ಅದು ಅನಿಸಿದ್ದನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎಂದು 29ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಮಗಳು ಮಾಡಿದ್ದೂ ಅಷ್ಟೇ ತಾನೆ? ಅನಿಸಿದ್ದನ್ನು ಹೇಳಿದ್ದಾಳೆ, ಅದೂ ‘ಸರ್’ ಎಂದು ಮರ್ಯಾದೆಯಿಂದ.

ಒಂದನ್ನು ವಿಚಾರಿಸಿಕೊಳ್ಳಿ. ಅಲ್ಪಸಂಖ್ಯಾತರ ಸಂಸ್ಥೆಯಾಗಿದ್ದರೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಈ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಆಗಲೂ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು.

ನಾಳೆಯೇ ಒಂದು ಅರ್ಜಿ ಬರೆಯಿರಿ. ದಂಡದ ನಿಯಮ ಎಲ್ಲಿದೆ, ಯಾರು ಮಾಡಿದ್ದು, ಕಟ್ಟಿದ ಹಣಕ್ಕೆ ರಸೀದಿ ಎಲ್ಲಿ, ಇಷ್ಟನ್ನೇ ಕೇಳಿ. ನಾನು ಕಂಡಂತೆ ಇಂಥ ನಿಯಮಗಳು ಬಾಯಿಮಾತಿನಲ್ಲಿ ಮಾತ್ರ ಇರುತ್ತವೆ. ಅರ್ಜಿ ಎರಡು ಪ್ರತಿ ಇರಲಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಹದಿನೈದು ದಿನವಾದರೂ ಉತ್ತರ ಬಾರದಿದ್ದರೆ ಅದೇ ಪ್ರತಿ ಹಿಡಿದು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ, ಅಲ್ಲಿಯೂ ಆಗದಿದ್ದರೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಬಳಿಗೆ. ಮಗಳು ಅಳುತ್ತಿದ್ದರೆ, ಶಾಲೆಗೆ ಹೋಗಲು ಹೆದರುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಕ್ಲಾಸ್ ಟೀಚರ್ ಮೇಲೆ ಮಾತ್ರ ಸಿಟ್ಟಾಗಬೇಡಿ. ದಂಡದ ಪುಸ್ತಕ ಬರೆಯುವ ಕೆಲಸ ಅವರ ತಲೆಗೆ ಕಟ್ಟಿದ್ದು.

ಮುಚ್ಚಳಿಕೆಗೆ ನೀವೂ ಸಹಿ ಮಾಡಬೇಡಿ, ಮಗಳಿಂದಲೂ ಮಾಡಿಸಬೇಡಿ. ತಾನು ಮಾಡದ ತಪ್ಪನ್ನು ಒಪ್ಪಿಕೊಂಡ ಮಗು ತರಗತಿಯಲ್ಲಿ ಮತ್ತೆ ಕೈ ಎತ್ತುವುದಿಲ್ಲ. ಅಂಥ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ.

– ನಿವೃತ್ತ ಮುಖ್ಯ ಶಿಕ್ಷಕಿ, ಶಿವಮೊಗ್ಗ

*

ನಮ್ಮ ಶಾಲೆಯಲ್ಲಿ ದಂಡ ಇರಲಿಲ್ಲ, ಹಲಗೆ ಇತ್ತು. ಅಂಗೈ ಅಗಲದ ಪ್ಲೈವುಡ್ ತುಂಡಿಗೆ ಸುತಳಿ ಕಟ್ಟಿದ್ದರು. ಕನ್ನಡ ಮಾತಾಡಿ ಸಿಕ್ಕಿಬಿದ್ದವನ ಕೊರಳಿಗೆ ಅದು. ಅವನು ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಅವನ ಕೊರಳಿಗೆ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿ ಇರುತ್ತದೋ ಅವನಿಗೆ ಏಟು.

ಒಂದು ದಿನ ಅದು ನನ್ನ ಕೊರಳಲ್ಲಿತ್ತು. ನಲ್ಲಿಯ ಹಿಂದೆ ಅಡಗಿ ಕೂತು ಕಾಯುತ್ತಿದ್ದೆ. ನನ್ನ ಜೀವದ ಗೆಳೆಯ ಪಾಚಿಯ ಮೇಲೆ ಜಾರಿ ಬಿದ್ದ, ಮೊಣಕಾಲು ಒಡೆಯಿತು, ‘ಅಯ್ಯೋ ಅಮ್ಮಾ’ ಎಂದ. ನಾನು ಓಡಿಹೋಗಿ ಎತ್ತಲಿಲ್ಲ, ಹಲಗೆ ಹಾಕಿದೆ. ಸಂಜೆ ಏಟು ತಿಂದವನು ಅವನೇ. ನನಗೆ ಈಗ ನಲವತ್ತೆಂಟು. ಇಂಗ್ಲಿಷ್ ಬಂತು, ಆದರೆ ಆ ಶಾಲೆಯಲ್ಲಿ ಬಂದದ್ದಲ್ಲ, ಕೆಲಸಕ್ಕೆ ಸೇರಿದ ಮೇಲೆ ಜನರ ಜೊತೆ ಮಾತಾಡಿ ಬಂದದ್ದು.

ಇಂಗ್ಲಿಷ್ ಬೇಕು, ನನ್ನ ಮಕ್ಕಳೂ ಕಲಿಯುತ್ತಿದ್ದಾರೆ. ಅದಕ್ಕಾಗಿ ಮಕ್ಕಳನ್ನು ಒಬ್ಬರ ಮೇಲೊಬ್ಬರು ಚಾಡಿ ಹೇಳುವಂತೆ ಮಾಡುವುದು ಬೇಡ. ನಿಮ್ಮ ಮಗಳು ಹನ್ನೊಂದು ಜನರನ್ನು ಒಟ್ಟು ಮಾಡಿದ್ದಾಳೆ. ಆ ವಯಸ್ಸಿನಲ್ಲಿ ನಮಗೆ ಆ ಧೈರ್ಯ ಇರಲಿಲ್ಲ.

– ಒಬ್ಬ ತಂದೆ, ದಾವಣಗೆರೆ

*

ತಂಗೀ, ನಾನು ಕಾನೂನು ಓದುತ್ತಿದ್ದೇನೆ. 1985ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು. ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡಲಿಲ್ಲ, ಅಷ್ಟಕ್ಕೇ ಶಾಲೆ ಅವರನ್ನು ಹೊರಹಾಕಿತು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ನಿನ್ನ ವಿಷಯ ಬೇರೆ, ಕೋರ್ಟಿನವರೆಗೂ ಹೋಗಬೇಕಿಲ್ಲ. ಶಾಲೆಯ ನಿಯಮವನ್ನು ಮಕ್ಕಳು ಪ್ರಶ್ನಿಸಿದ್ದು ಇದೇ ಮೊದಲಲ್ಲ ಎಂದು ನಿನಗೆ ಗೊತ್ತಿರಲಿ ಅಂತ ಬರೆದೆ.

ಅಕ್ಕಾ, ನಿಮಗೊಂದು ಮಾತು. ಸಹಿ ಹಾಕಿದ ಹನ್ನೊಂದು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಹೆದರಿಸಬಹುದು. ಇವತ್ತು ರಾತ್ರಿಯೇ ಅವರ ಮನೆಗಳಿಗೆ ಫೋನ್ ಮಾಡಿ. ಪ್ರಿನ್ಸಿಪಾಲರ ಕೋಣೆಗೆ ನೀವೊಬ್ಬರೇ ಹೋಗಬೇಡಿ, ಇನ್ನಿಬ್ಬರು ತಾಯಂದಿರಾದರೂ ಜೊತೆಗಿರಲಿ.

– ವಿದ್ಯಾರ್ಥಿನಿ, ಹುಬ್ಬಳ್ಳಿ