ನೇವಲ್ ಅಕಾಡೆಮಿಯಿಂದ ಬಾಂಬ್ ನಿಷ್ಕ್ರಿಯ ದಳಕ್ಕೆ: ಕೇಳಿ, ಹೇಳ್ತೀನಿ

ಪ್ರಶ್ನೆ: ಸರ್, ನನಗೆ 16 ವರ್ಷ. ಹುಟ್ಟಿ ಬೆಳೆದಿದ್ದು ಅಮೆರಿಕದಲ್ಲೇ. ನೌಕಾಪಡೆಗೆ ಆಫೀಸರ್‌ಗಳನ್ನು ತಯಾರು ಮಾಡೋ ಅನಾಪೊಲಿಸ್‌ನ ನೇವಲ್ ಅಕಾಡೆಮಿ ಸೇರಿದರೆ ನೌಕಾಪಡೆಯ ಬಾಂಬ್ ನಿಷ್ಕ್ರಿಯ ದಳದಲ್ಲಿ ಆಫೀಸರ್ ಆಗೋದು ಗ್ಯಾರಂಟಿನಾ?

ಉತ್ತರ: ಇಲ್ಲ ತಮ್ಮಾ. ಒಂದು ಬ್ಯಾಚಿನಲ್ಲಿ ಸುಮಾರು ಸಾವಿರ ಜನ ಪಾಸಾಗುತ್ತಾರೆ. ಅವರಲ್ಲಿ ಈ ಕೆಲಸ ಸಿಗುವುದು ತೀರಾ ಕಡಿಮೆ ಜನಕ್ಕೆ. ಉಳಿದವರು ಹಡಗು, ಸಬ್‌ಮರೀನ್, ವಿಮಾನ ಅಂತ ಹೋಗುತ್ತಾರೆ. ಎಲ್ಲಿಗೆ ಹೋದರೂ ಕನಿಷ್ಠ 5 ವರ್ಷ ಸೇವೆ ಮಾಡಲೇಬೇಕು. ಹಡಗಿಗೆ ಹಾಕಿದರೂ ಮನಸ್ಸಿಟ್ಟು ದುಡಿಯುತ್ತೀಯಾ? ಹೌದು ಅಂದರೆ ಮಾತ್ರ ಅರ್ಜಿ ಹಾಕು. ಅಕಾಡೆಮಿ ಸೇರಲು ಸೆನೆಟರ್ ಅಥವಾ ನಿಮ್ಮ ಭಾಗದ ಕಾಂಗ್ರೆಸ್ ಸದಸ್ಯರು ನಿನ್ನ ಹೆಸರು ಸೂಚಿಸಬೇಕು, ಆ ನಾಮನಿರ್ದೇಶನಕ್ಕೂ ಬೇರೆ ಅರ್ಜಿ ಹಾಕಬೇಕು. ಅದನ್ನು ಕೊನೆ ಗಳಿಗೆಗೆ ಬಿಡಬೇಡ.

ಒಳಗೆ ಹೋದ ಮೇಲೆ ಈಜು ಬಿಡಬೇಡ. ಈ ದಳದ ಆಯ್ಕೆಯಲ್ಲಿ 500 ಗಜ ಈಜು, ಪುಷ್‌ಅಪ್, ಪುಲ್‌ಅಪ್, ಒಂದೂವರೆ ಮೈಲಿ ಓಟ ಇರುತ್ತದೆ. ಓಟದಲ್ಲಿ ಚುರುಕಾಗಿದ್ದವರೂ ನೀರಿಗಿಳಿದ ಮೇಲೆ ಕೈಚೆಲ್ಲಿದ್ದನ್ನು ನೋಡಿದ್ದೇನೆ. ನಮಗೆ ಸಮುದ್ರದ ಮೈನ್‌ಗಳ, ಅಂದರೆ ನೀರಿನಲ್ಲಿ ಇಟ್ಟ ಸ್ಫೋಟಕಗಳ ಕೆಲಸವೂ ಇರುತ್ತದಲ್ವಾ, ಅದಕ್ಕೇ ಮೊದಲು ಫ್ಲೋರಿಡಾದ ಪನಾಮಾ ಸಿಟಿಯಲ್ಲಿ ಡೈವಿಂಗ್ ಕಲಿಸುತ್ತಾರೆ. ಆಮೇಲೆ ಫ್ಲೋರಿಡಾದಲ್ಲೇ ಇರುವ ಎಗ್ಲಿನ್ ವಾಯುನೆಲೆಯ ಬಾಂಬ್ ನಿಷ್ಕ್ರಿಯ ಶಾಲೆ. ಭೂಸೇನೆ, ನೌಕಾಪಡೆ, ವಾಯುಪಡೆ, ಮರೀನ್ (ಸಮುದ್ರದಿಂದ ದಡಕ್ಕಿಳಿದು ಹೋರಾಡುವ ಪಡೆ) ನಾಲ್ವರೂ ಅಲ್ಲೇ ಕಲಿಯುವುದು. ಅಲ್ಲಿ ಓದು ಜಾಸ್ತಿ. ಎದುರಿಗಿರುವುದು ಯಾವ ಫ್ಯೂಸ್ (ಬಾಂಬ್ ಸಿಡಿಸುವ ಭಾಗ), ಅದು ಯಾವುದಕ್ಕೆ ಸಿಡಿಯುತ್ತದೆ, ಅಲುಗಾಟಕ್ಕೋ, ಟೈಮರ್‌ಗೋ, ಕಾಂತಕ್ಕೋ? ಇದು ಗೊತ್ತಾಗುವವರೆಗೆ ಹತ್ತಿರ ಹೋಗಬಾರದು. ರೋಬೋಟ್ ಕಳಿಸಿ ದೂರದಿಂದಲೇ ಕೆಲಸ ಮುಗಿದರೆ ಅಷ್ಟು ಒಳ್ಳೆಯದು. ಮನುಷ್ಯ ಹೋಗಲೇಬೇಕಾದರೆ ಯಾರನ್ನು ಕಳಿಸುವುದು ಅಂತ ಆಫೀಸರ್ ತೀರ್ಮಾನ ಮಾಡಬೇಕು. ನನಗೆ ಅತಿ ಕಷ್ಟ ಆಗಿದ್ದು ಅದೇ.

ಪ್ರಶ್ನೆ: ಅಕಾಡೆಮಿಯಿಂದ ಮರೀನ್ ಕೋರ್‌ಗೆ ಹೋಗಿ ಇದೇ ಕೆಲಸ ಮಾಡಬಹುದಾ?

ಉತ್ತರ: ನೇರವಾಗಿ ಆಗಲ್ಲ. ಮರೀನ್‌ಗಳಲ್ಲಿ ಈ ಆಫೀಸರ್‌ಗಳು ಕೆಳಗಿನ ದರ್ಜೆಯಲ್ಲಿ ಇದೇ ಕೆಲಸ ಮಾಡಿ ಮೇಲೆ ಬಂದವರು. ಭೂಸೇನೆಯಾದರೆ ಅದರ ಅಕಾಡೆಮಿ ವೆಸ್ಟ್ ಪಾಯಿಂಟ್ ಮುಗಿಸಿ, ಮದ್ದುಗುಂಡು ನೋಡಿಕೊಳ್ಳುವ ಆರ್ಡ್‌ನೆನ್ಸ್ ವಿಭಾಗದ ಮೂಲಕ ದಾರಿ ಇದೆ.

ಪ್ರಶ್ನೆ: ಅಣ್ಣಾ, ನನ್ನ ಮಗ ಕನ್ನಡಕ ಹಾಕ್ತಾನೆ. ಸುಮ್ನೆ ಆಸೆ ಇಟ್ಕೊಳ್ಳೋದು ಬೇಡ ಅನ್ಲಾ?

ಉತ್ತರ: ಬೇಡ ಅಕ್ಕಾ, ಹಾಗನ್ನಬೇಡಿ. ಡ್ರೇಪರ್ ಕಾಫ್‌ಮನ್ 1933ರಲ್ಲಿ ಇದೇ ಅಕಾಡೆಮಿ ಮುಗಿಸಿದರು. ಕಣ್ಣು ಸರಿಯಿಲ್ಲ ಅಂತ ಕಮಿಷನ್, ಅಂದರೆ ಆಫೀಸರ್ ಹುದ್ದೆ ಕೊಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ನೌಕಾಪಡೆಗೆ ಸೇರಿ, ಜರ್ಮನ್ನರು ಹಾಕಿ ಸಿಡಿಯದೆ ಉಳಿದ ಬಾಂಬ್‌ಗಳನ್ನು ತೆಗೆದರು. ಅಮೆರಿಕದ ನೌಕಾಪಡೆಯಲ್ಲಿ ಬಾಂಬ್ ನಿಷ್ಕ್ರಿಯ ಶಾಲೆ ಶುರು ಮಾಡಿದ್ದೂ ಅವರೇ. 1965ರಲ್ಲಿ ಅದೇ ಅಕಾಡೆಮಿಗೆ ಮುಖ್ಯಸ್ಥರಾಗಿ ವಾಪಸ್ ಬಂದರು. ಈಗ ಕನ್ನಡಕ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಆದರೆ ಬಣ್ಣ ಸರಿಯಾಗಿ ಗುರುತಿಸಲೇಬೇಕು. ಆ ಒಂದು ಪರೀಕ್ಷೆ ಈಗಲೇ ಮಾಡಿಸಿಬಿಡಿ.